ಆಪತ್ತಿಗೆ ಮೂರು ತಿಂಗಳ ಖರ್ಚು

ಸಿಂಧನೂರು ಬಸ್ ನಿಲ್ದಾಣದಲ್ಲಿ ಅಮರೇಶ್ವರಿ ಮುಕ್ಕುಂದದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಇಬ್ಬರು ನರ್ಸುಗಳು ಬಂದು ಕೂತರು; ಅವರ ಮಾತು ಅವಳಿಗೆ ಕೇಳಿಸುತ್ತಿತ್ತು. ಯಶೋಧರಾ ಎಂಬವಳ ತುಟಿ ಒಡೆದಿತ್ತು. ಪ್ರಶ್ನೆ ಕೇಳುತ್ತಿದ್ದವಳು ಅವಳ ಗೆಳತಿ ಸುಕನ್ಯಾ.

“ಬ್ಯಾರೆ ಖಾತೆ ತಗದದ್ದು ನಿನ್ನ ಗಂಡಗ ಹೆಂಗ ಗೊತ್ತಾತು?”

“ರೊಕ್ಕ ಕಟ್ಟಿದೆ, ಮೆಸೇಜ್ ಅವನ ಫೋನಿಗೆ ಹೋತು. ನನ್ನ ಆಧಾರ್ ಕಾರ್ಡಿಗೆ ಅವನ ನಂಬರೇ ಐತಿ. ಬ್ಯಾಂಕಿನಾಗೂ ಅದನ್ನ ಬರಸಿದ್ದೆ.”

“ಏ ಹುಚ್ಚಿ! ನಿನ್ನ ನಂಬರ್ ಬರಸಬೇಕಿತ್ತಿಲ್ಲೋ?”

“ಹತ್ತು ವರ್ಷ ನನ್ನ ಪಗಾರದ ಮೆಸೇಜ್ ಅವನೇ ನೋಡ್ಯಾನ. ನನಗ ತಲ್ಯಾಗ ಬರಲಿಲ್ಲ.”

“ಏನಂದ?”

“ಯಾತಕ್ಕ ಕೂಡಿಡಾಕತ್ತೀ ಅಂದ. ಬ್ಯಾಂಕಿನವರ ತರಬೇತಿಯಾಗ ಹೇಳಿದ್ರಲ್ಲ, ಆಪತ್ತಿಗೆ ಮೂರು ತಿಂಗಳ ಖರ್ಚು ಇಟ್ಕೋರಿ ಅಂತ, ಅದನ್ನ ಹೇಳಿದೆ. ನಾ ಇರೋತನಕ ನಿನಗೆಂಥ ಆಪತ್ತು ಅಂತ ಹೊಡದ.”

ಸುಕನ್ಯಾ ನಕ್ಕುಬಿಟ್ಟಳು. ಯಶೋಧರಾಳೂ ನಗಲು ಹೋಗಿ ತುಟಿ ಹಿಡಿದುಕೊಂಡಳು.

“ಎಷ್ಟಿತ್ತು?”

“ಎರಡು ತಿಂಗಳ ಖರ್ಚಿನಷ್ಟು. ಮನಿಮನಿಗೆ ಹೋಗಿ ಸಲೈನ್ ಹಾಕಿ ಗಳಿಸಿದ್ದು. ಎಲ್ಲಾ ತನ್ನ ಖಾತಿಗೆ ಹಾಕಿಸ್ಕೊಂಡ.”

“ಇನ್ನೊಂದು ತಿಂಗಳದು ಕೂಡಿದ್ರ ನೀ, ಮಗಳು ಬ್ಯಾರೆ ಬಾಡಿಗಿ ರೂಮಿನ್ಯಾಗ ಇರ್ತಿದ್ರಿ.”

“ಹೂಂ. ಈಗ ಮತ್ತ ಮೊದಲಿಂದ. ಈ ಸಲ ನಿನ್ನ ನಂಬರ್ ಕೊಡ್ತೀನಿ.”

“ಕೊಡು. ಅಲ್ಲೀತನಕ?”

“ಅಲ್ಲೀತನಕ ಅದೇ ಮನಿ.”

ಮಸ್ಕಿಯ ಬಸ್ ಬಂದಿತು. ಯಶೋಧರಾಳ ಫೋನ್ ರಿಂಗಾಯಿತು. ಅವಳು ಬ್ಯಾಗನ್ನು ಎಡಗೈಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತಿದಳು.

“ಬಸ್ ಹತ್ತೀನಿ ರೀ. ರೊಟ್ಟಿ ಬಂದು ಮಾಡ್ತೀನಿ. ಹುಡುಗಿಗೆ ಏನೂ ಅನ್ನಬ್ಯಾಡ್ರಿ.”