ನಾಲ್ಕು ಮಡಿಕೆ, ಅಂಚು ಒಳಗೆ

ಮಳೆ ಜೋರಾಗಿ ದೋಣಿಗಳೆಲ್ಲ ದಡ ಸೇರಿದ್ದವು. ಕರೆಂಟು ಹೋಗಿತ್ತು. ಕೆರೆಯಲ್ಲಿ ಹೆಚ್ಚಾದ ನೀರು ಕೋಡಿಯಿಂದ ಧುಮುಕುವ ಸದ್ದು ಅತಿಥಿಗೃಹದ ಹಜಾರದವರೆಗೂ ಕೇಳುತ್ತಿತ್ತು. ಮೇಣದಬತ್ತಿಯ ಸುತ್ತ ಕೂತ ಅತಿಥಿಗಳು ಒಂದು ದೆವ್ವದ ಕತೆ ಹೇಳು ಎಂದು ಅಲ್ಲಿನ ಬಟ್ಟೆಗೆ ಇಸ್ತ್ರಿ ಹಾಕುವ ಅಜ್ಜಿಯನ್ನು ಪೀಡಿಸಿದರು. ಅವರಿಗೆ ಹೊತ್ತು ಹೋದರೆ ಸಾಕೆಂದು ಚಿಕ್ಕ ಯಜಮಾನನೂ ದನಿಗೂಡಿಸಿದ. ಆದರೆ ಅಜ್ಜಿ ತೊಡೆಯ ಮೇಲೊಂದು ಮಡಚಿದ ಹಾಸುಬಟ್ಟೆ ಇಟ್ಟುಕೊಂಡು ತನ್ನನ್ನೇ ದುರುಗುಟ್ಟಿ ನೋಡಿದಾಗ ಅವನಿಗೆ ಯಾಕೋ ಕಸಿವಿಸಿಯಾಯಿತು.

"ಹೇಳ್ತೀನಿ, ಕೇಳಿ... ಈ ಕೆರೆ ದೇವರು ಕೊಟ್ಟಿದ್ದಲ್ಲ. ನಿಮ್ಮಂಥೋರು ದೋಣಿಯಾಡ್ಲಿ, ಗಾಳ ಹಾಕ್ಲಿ ಅಂತ ಈ ಚಿಕ್ಕ ಯಜಮಾನರ ತಾತ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿ ಮಾಡಿದ್ದು. ಏರಿ ಕೆಳಗೇ ನಮ್ಮ ಓಣಿ. ನೀರಿನ ಜೊತೆ ಸಾಕಿದ ಮೀನೂ ಹೋಗುತ್ತೆ ಅಂತ ಆ ಮಹಾನುಭಾವರು ಕೋಡಿಗೇ ಬಲೆ ಕಟ್ಟಿಸಿದ್ರು. ಮಳೆ ಬಂದ್ರೆ ಬಲೆ ತುಂಬ ಎಲೆ, ಕಡ್ಡಿ, ಕಸ... ನೀರು ಎಲ್ಲಿಗೆ ಹೋಗ್ಬೇಕು? ಏರಿ ಮೇಲೇ ಹತ್ತುತ್ತೆ. ಮಣ್ಣು ಎಷ್ಟು ಹೊತ್ತು ತಡೆಯುತ್ತೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನನ್ನ ಅಕ್ಕ ಇಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಚೋ ಕೆಲಸಕ್ಕಿದ್ಲು. ನಾಲ್ಕು ಮಡಿಕೆ, ಅಂಚು ಒಳಗೆ... ನೋಡಿದ ತಕ್ಷಣ ಅವಳ ಕೈಕೆಲಸ ಅಂತ ಗೊತ್ತಾಗೋದು. ಇಂಥದ್ದೇ ಮಳೇಲಿ, ಬಲೆ ಬಿಚ್ಚಿಸಿ ಅಂತ ಯಜಮಾನರ ಹತ್ರ ಅಂಗಲಾಚಿದ್ಲು. ಅವರೇನಂದ್ರು ಗೊತ್ತಾ? 'ಮಡಚೋದು ನಿನ್ನ ಕೆಲಸ. ಹೋಗಿ ಮಡಚು.' ಕೂತಿದ್ದೋರೆಲ್ಲ ನಕ್ಕರು... ತಾನೇ ಬಿಚ್ತೀನಿ ಅಂತ ಅವಳು ಕೋಡಿಗೆ ಇಳಿದ್ಲು. ಅಷ್ಟರಲ್ಲಿ ಏರಿ ಒಡೀತು. ಅವಳೂ ಹೋದ್ಲು, ಅರ್ಧ ಓಣಿಯೂ ಹೋಯ್ತು. ಮೀನಾದ್ರೂ ಉಳೀತಾ? ಅದೂ ಇಲ್ಲ. ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತೆ.

ಏರಿ ಮತ್ತೆ ಕಟ್ಟಿದ್ರು. ನಾಯಿ ಬಾಲ ನೆಟ್ಟಗಾಗುತ್ತಾ? ಬಲೇನೂ ಮತ್ತೆ ಕಟ್ಟಿದ್ರು. ಮೊದಲ ಮಳೆಗೇ ಬಲೆ ಕೋಡಿಯಲ್ಲಿಲ್ಲ. ಯಜಮಾನರ ಬಾಗಿಲ ಮುಂದೆ ಬಿದ್ದಿತ್ತು... ನಾಲ್ಕು ಮಡಿಕೆ, ಅಂಚು ಒಳಗೆ. ಕಟ್ಟಿದಾಗೆಲ್ಲ ಹಾಗೇ. ತಾತ ಸೋತು ಸುಮ್ಮನಾದ್ರು, ಇವರಪ್ಪ ಬಲೆ ಸುದ್ದಿಗೇ ಹೋಗ್ಲಿಲ್ಲ. ಈಗ ಮೊಮ್ಮಗ ಜಾಣರು. ಕಬ್ಬಿಣದ ಜಾಲರಿ ಹಾಕ್ಸಿದಾರೆ. ಕಬ್ಬಿಣ ಮಡಚೋಕಾಗಲ್ಲ ನೋಡಿ... ದಿಣ್ಣೆ ಮೇಲಿದ್ದ ಹಳೇ ಅತಿಥಿಗೃಹ ಬಿಟ್ಟು, ನೀವು ಕೋಡಿ ಸದ್ದು ಕೇಳ್ತಾ ಮಲಗ್ಲಿ ಅಂತ ಈ ಮನೇನ ಏರಿ ಕೆಳಗೆ ಕಟ್ಟಿಸಿದ್ದೂ ಇವರೇ."

ಯಾರೋ ನಕ್ಕರು. ಚಿಕ್ಕ ಯಜಮಾನನಿಗೆ ನಗು ಬರಲಿಲ್ಲ. ಜಾಲರಿಗೆ ಕಸ ಕಟ್ಟಿದೆ ಎಂದು ಸಂಜೆ ದೋಣಿಯವನು ಹೇಳಲು ಬಂದಾಗ, ನಿನ್ನ ಕೆಲಸ ನೀನು ನೋಡು ಎಂದು ಗದರಿಸಿ ಕಳಿಸಿದ್ದ.

ಅಜ್ಜಿ ಎದ್ದು ತೊಡೆಯ ಮೇಲಿದ್ದ ಬಟ್ಟೆಯನ್ನು ಅವನ ಮಡಿಲಿಗೆ ಹಾಕಿದಳು. ಅದು ನೆನೆದು ತೊಪ್ಪೆಯಾಗಿತ್ತು. ನಾಲ್ಕು ಮಡಿಕೆ, ಅಂಚು ಒಳಗೆ.

"ನಿಮ್ಮ ಮಂಚದ್ದು, ಯಜಮಾನ್ರೇ. ಸಂಜೆ ಹಾಸಿ ಹೋಗಿದ್ದೆ, ಈಗ ಬಂದು ನೋಡಿದ್ರೆ ಹೀಗಿದೆ... ಇಲ್ಲಿನ ಎಲ್ಲ ಮಂಚದ ಮೇಲೂ ಹೀಗೇ. ನಮ್ಮ ಓಣಿಯಲ್ಲೂ ಮನೆಮನೆಗೆ ಹೋಗಿ ಮಡಚಿಟ್ಟಿದಾಳೆ ಅಕ್ಕ. ಅದನ್ನ ನೋಡಿ ನಮ್ಮೋರೆಲ್ಲ ಆಗಲೇ ದಿಣ್ಣೆ ಹತ್ತಿದ್ರು, ಉಳಿದಿರೋದು ನೀವೇ. ಅವತ್ತು ಅವಳ ಮಾತು ಕೇಳ್ಲಿಲ್ಲ ನಿಮ್ಮ ಮನೇಲಿ. ಮಳೆ ಇನ್ನೂ ಸುರೀತಾನೇ ಇದೆಯಲ್ಲ... ಕೋಡಿ ಸದ್ದು ಯಾವಾಗ ನಿಂತಿತು, ಯಾರಾದ್ರೂ ಗಮನಿಸಿದ್ರಾ?"