ಹತ್ತು ಗಜ, ಮ್ಯಾಲೊಂದು ಕೊಸರು

"ಹಲೋ… ಹಾಂ, ಹಲೋ. ಯಾರ್ರಿ ಮಾತಾಡೂದು?…"

"ಹುನಗುಂದದ ಸಂಪದಾ ಮೇಡಂ ಏನ್ರಿ? ನಮಸ್ಕಾರ್ರಿ, ನಮಸ್ಕಾರ. ಮ್ಯಾಚ್ ನಡಸೂ ರೆಫ್ರೀನ ನನಗ ಫೋನ್ ಹಚ್ಚ್ಯಾರ ಅಂದ್ರ… ಮುಗೀತೇನ್ರಿ? ಗೆದ್ದ್ರೇನ್ರಿ ನಮ್ಮ ಹುಡುಗ್ಯಾರು?…"

ಇಳಕಲ್ಲಿನ ಬಟ್ಟೆ ಅಂಗಡಿಯಲ್ಲಿ ಫೋನು ಹಿಡಿದು ನಿಂತಿದ್ದ ರಾಜಮಹ್ಮದನಿಗೆ ಬೆಳಗಿನಿಂದ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಗಳು ಆಫ್ರೀನ ಬಾಗಲಕೋಟೆಯ ಮೈದಾನದಲ್ಲಿ ಬದಾಮಿಯವರ ಎದುರು ಫೈನಲ್ ಆಡುತ್ತಿದ್ದಳು. ಆಟ ಅಮೆರಿಕದವರ ಫುಟ್ಬಾಲು. ಹೆಸರಿಗೆ ಕಾಲಿನದು, ಆಡುವುದು ಕೈಯಲ್ಲಿ. ಬಂದ ಗಿರಾಕಿಗಳಿಗೆಲ್ಲ ಅದರ ಕಾಯ್ದೆ ವಿವರಿಸುವ ಭರದಲ್ಲಿ ಅವನು ಸೀರೆ ಮಾರುವುದನ್ನೇ ಮರೆತಿದ್ದ.

"ಕಾಯ್ದೆ ನನಗ ಗೊತ್ತೈತ್ರಿ ಮೇಡಂ. ನಾಕು ಸಲದಾಗ ಚೆಂಡು ಹತ್ತು ಗಜ ಮುಂದ ಒಯ್ದ್ರ ಮತ್ತ ನಾಕು ಸಲ ಸಿಗತಾವು. ಇಲ್ಲಂದ್ರ ಚೆಂಡು ಎದುರಿನವರಿಗೆ. ಮಗಳು ಊಟಕ್ಕ ಕುಂತಾಗೆಲ್ಲಾ ಅದನ್ನ ಹೇಳ್ತಾಳ…"

"ಪಟ್ಟಿನಾ? ಹೌದ್ರಿ, ಆ ಕೆಂಪು ನವಾರ ಪಟ್ಟಿ ನಮ್ಮ ಅಂಗಡೀದ. ಅಳಿಯೂ ಸರಪಳಿ ಬರಲಿಲ್ಲ ಅಂದ್ರಿ, ಎರಡು ಕೋಲಿಗೆ ಕಟ್ಟಾಕ ನಾನ ಕತ್ತರಿಸಿ ಕಳಸೀನಿ. ಯಾಕ್ರಿ, ಹರೀತೇನು?…"

"ಸರಿಯಾಗಿ ಹತ್ತು ಗಜ ಐತೇನು ಅಂತೀರಾ? ಏನ್ ಮಾತ್ರಿ ಇದು. ಸ್ಪೀಕರ್ ಹಚ್ಚೀರಾ? ಎರಡೂ ಟೀಮಿನವರು ಕೇಳಾಕತ್ತಾರಾ? ಭಾಳ ಚಲೋ ಆತು. ಎಲ್ಲಾರೂ ಕೇಳ್ರಿ. ನಮ್ಮಜ್ಜ ಲಾಡಸಾಬರ ಕಾಲದಿಂದ ಈ ಅಂಗಡ್ಯಾಗ ಕೊಸರಿಲ್ಲದ ಕತ್ತರಿ ಆಡಿಲ್ಲ. ಹತ್ತು ಗಜ ಕೇಳಿದ್ರ ಹತ್ತು ಗಜ ಅಳದು, ನೀಲಿ ಗೀಟು ಹಾಕಿ, ಅದರ ಮುಂದ ಒಂದು ಗೇಣು ಬಿಟ್ಟು ಕತ್ತರಸ್ತೇವಿ. ಆ ಗೇಣು ಗಿರಾಕಿಗೆ ಪುಕ್ಕಟೆ. ನಿಮ್ಮ ಪಟ್ಟೀಗೂ ಬಿಟ್ಟೇನಿ. ಕಡಿಮಿ ಬಿತ್ತು ಅನ್ನೂ ಮಾತ ಇಲ್ಲ…"

ಆ ಕಡೆ ಒಮ್ಮೆಲೇ ಸದ್ದಡಗಿತು. ರಾಜಮಹ್ಮದ ಅದನ್ನು ಮೆಚ್ಚುಗೆ ಎಂದೇ ತಿಳಿದು ಮೀಸೆ ನೀವಿಕೊಂಡ.

"ಹಲೋ? ಯಾಕ್ರಿ ಸುಮ್ಮಾದ್ರಿ?… ಯಾರೋ ನಗಾಕತ್ತಾರಲ್ಲ?…"

"ತಡೀರಿ, ಸಾವಕಾಶ ಹೇಳ್ರಿ. ಬದಾಮಿಯವರ ಕೈಗೆ ಚೆಂಡು ಬಂದಾಗ ನೀವು ಅದನ್ನ ಸುಣ್ಣದ ಗೆರಿ ಮ್ಯಾಲನ ಇಟ್ಟ್ರಿ. ಹಾಂ. ಹತ್ತು ಗಜಕ್ಕೊಂದು ಗೆರಿ, ಸ್ಟೀಲ್ ಟೇಪ್ ಹಿಡದು ಹಾಕಿದ್ದು. ಹಾಂ. ನಾಕನೇ ಸಲಕ್ಕ ಅವರು ಮುಂದಿನ ಗೆರಿ ಮುಟ್ಟಿದ್ರು. ಮತ್ತ ಆತಲ್ರಿ? ಗೆರಿಯಿಂದ ಗೆರಿ ಕಣ್ಣಿಗೇ ಕಾಣತೈತಿ, ಪಟ್ಟಿ ಯಾಕ ಹಿಡದ್ರಿ?…"

"ಕಾಯ್ದೆ ಪುಸ್ತಕದಾಗೂ ಹಂಗ ಐತಾ? ನೋಡ್ರಿ ಮತ್ತ. ಸಂಶೇ ಬಂದಾಗ ಅಳೀಬೇಕು. ಕಣ್ಣಿಗೆ ಕಂಡದ್ದನ್ನ ಅಳಿಯಾಕ ಹೋದ್ರ ಜಗಳ ಹುಟ್ಟತೈತಿ. ಅಳೀರಿ ಅಂತ ಹಟ ಹಿಡದಾಕಿ ಯಾರ್ರಿ, ಅಂಥಾ ಶ್ಯಾಣ್ಯಾಕಿ?…"

"ಆಫ್ರೀನನಾ?…"

ಅವನು ಸೀರೆ ಗಂಟಿನ ಮೇಲೆ ಕುಸಿದು ಕುಳಿತ. ಊರಿಗೆಲ್ಲ ಹಂಚಲೆಂದು ತರಿಸಿದ್ದ ಜಿಲೇಬಿ ಬುಟ್ಟಿಯ ಹತ್ತಿರ ಹೆಂಡತಿ ಜೈನಬಿ ಸಜ್ಜಾಗಿ ನಿಂತಿದ್ದಳು.

"ಪಟ್ಟಿ ಹಿಡದ್ರ ಬದಾಮಿಯವರು ಒಂದು ಗೇಣು ಕಡಿಮಿ. ಅಂದ್ರ ಚೆಂಡು ನಮ್ಮವರಿಗೆ, ಟೈಮೂ ಮುಗಿಯಾಕ ಬಂದೈತಿ, ನಾವು ಗೆದ್ದಂಗ. ಕೊಸರು ತಗದ್ರ ಬದಾಮಿಯವರಿಗೆ ಮತ್ತ ನಾಕು ಸಲ, ಅದೂ ಗೋಲಿನ ಬಾಗಲಾಗ. ಹಾಂ, ತಿಳೀತ್ರಿ. ಭಾಳ ಚಲೋ ತಿಳೀತು… ಜೈನಬಿ, ಬುಟ್ಟಿ ಮುಚ್ಚು…"

"ಯಾರು, ಆಫ್ರೀನ? ಬೇಟಾ, ಕನ್ನಡದಾಗ ಮಾತಾಡು. ಇಲ್ಲಂದ್ರ ಅಪ್ಪ ಮಗಳು ಮನಿ ಮಾತಿನಾಗ ಏನೋ ಗುಸುಗುಸು ಮಾಡಿದ್ರು ಅಂತಾರ… ಏನು? ಈ ಪಟ್ಟೀಗೆ ಕೊಸರು ಬಿಡೂದು ಮರತಿದ್ದೆ ಅಂತ ಹೇಳಲಾ?…"

ಮಾತು ನಾಲಿಗೆಯ ತುದಿಗೇ ಬಂದಿತ್ತು. ಮೊಣಕಾಲು ತರಚಿಕೊಂಡು ಮನೆಗೆ ಬಂದು, ಅರಿಶಿನ ಹಚ್ಚಿಸಿಕೊಳ್ಳುತ್ತಲೇ ನಾಳಿನ ಆಟದ ಮಾತಾಡುತ್ತಿದ್ದ ಹುಡುಗಿ ಅವಳು. ಅವಳು ಗೆಲ್ಲಲಿ ಎಂದು ಅವನಿಗೂ ಅಷ್ಟೇ ಆಸೆಯಿತ್ತು.

"ಬೇಟಾ, ನಾ ಕೊಸರು ಮರತೇನಿ ಅಂದ್ರ ಇಳಕಲ್ಲದಾಗ ಯಾರು ನಂಬತಾರ? ನಿಮ್ಮಮ್ಮ ಸೈತ ನಂಬೂದಿಲ್ಲ. ಒಂದು ಕೆಲಸ ಮಾಡು. ಪಟ್ಟಿ ತಿರುವಿ, ಕೋಲಿನ ಹತ್ರ ನೋಡು. ನೀನ ನೋಡು, ಮೇಡಂ ಬ್ಯಾಡ… ನೀಲಿ ಗೀಟು ಕಂಡಿತೇನು?… ಹಾಂ, ಅದ. ಅಲ್ಲಿಗೆ ಹತ್ತು ಗಜ…"

"ಆಫ್ರೀನ?… ಮೇಡಂ, ಏನಂದ್ಲ್ರಿ ಆಕಿ? 'ಅವರಿಗೇ ಕೊಡ್ರಿ' ಅಂದ್ಲಾ? ತಾನಾಗೇನ ಅಂದ್ಲಾ?…"

ರಾಜಮಹ್ಮದನ ಎದೆ ಉಬ್ಬಿತು. ಗೆಲ್ಲುವ ಆಸೆ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ಫೋನ್ ಇಡಬ್ಯಾಡ್ರಿ ಮೇಡಂ, ಯಾರ ಕೈಯಾಗರ ಕೊಡ್ರಿ… ಯಾರವ್ವ ನೀ? ಮುಬಶೀರಾ? ನೀ ನಮ್ಮ ಟೀಮಿನಾಗ ಆಡಾಕತ್ತಿಲ್ಲಾ?… ಕಾಲು ಉಳುಕೈತಾ. ಇರ್ಲಿ, ಹೇಳು, ಹೇಳು… ಮೊದಲನೇ ಸಲಕ್ಕ ಚೆಂಡು ಹಿಡದು ಓಡಾಕಿನ್ನ ಆಫ್ರೀನ ಕೆಡವಿದ್ಲಾ? ಎರಡನೇ ಸಲಾನೂ ಆಕೀನಾ? ಜೈನಬಿ, ಬುಟ್ಟಿ ತಗಿ… ಏನು? ಮೂರನೇದಕ್ಕ ಗೋಲಿನ ಗೆರಿ ದಾಟಿದ್ರಾ? ಮುಗೀತಾ?…"

"ಜೈನಬಿ, ಬುಟ್ಟಿ ಮುಚ್ಚು…"

ಅಂಗಡಿಯಲ್ಲಿ ನೆರೆದವರು ಅತ್ತಿತ್ತ ನೋಡಿದರು. ಅವನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ.

"ಆಫ್ರೀನ? ಅಳಾಕತ್ತೀಯೋ ನಗಾಕತ್ತೀಯೋ, ಒಂದೂ ತಿಳೀವಲ್ದು… ನಗಾಕತ್ತೀ. ಯಾಕ?… ಬದಾಮಿ ಕ್ಯಾಪ್ಟನ್ ಶಾರವ್ವ ಬಂದು ಕೊರಳಿಗೆ ಬಿದ್ಲಾ? ಏನಂತಾಳ?… ಮುಂದಿನ ವರ್ಷ ಮ್ಯಾಚು ಬದಾಮ್ಯಾಗ. ಹಾಂ. ಪಟ್ಟಿ ಮಾತ್ರ ನಮ್ಮ ಅಂಗಡೀದ ಆಗಬೇಕಂತಾ? ಬ್ಯಾರೇದು ಹಿಡದ್ರ ಅವರು ಆಡೂದ ಇಲ್ಲಂತಾ?…"

ರಾಜಮಹ್ಮದ ಎದ್ದು ನಿಂತ. ಕಣ್ಣು ಒದ್ದೆಯಾಗಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು.

"ಜೈನಬಿ, ಹಂಚು. ಹೌದು, ಸೋತೇವಿ, ಹಂಚು. ಒಬ್ಬೊಬ್ಬರಿಗೂ ಮ್ಯಾಲೊಂದು ಕೊಸರು ಹಾಕು… ಹಾಂ ಬೇಟಾ. ಕಳಸ್ತೇನಿ ಅಂತ ಹೇಳು ಶಾರವ್ವಗ… ಏನು? ಮುಂದಿನ ಸಲ ಕೊಸರು ಬಿಡದ ಬರೇ ಹತ್ತ ಗಜ ಕತ್ತರಸಬೇಕಾ?…"

"ನೋಡು ಬೇಟಾ, ಬ್ಯಾರೆ ಏನ್ ಬೇಕಾದ್ದು ಕೇಳು. ಅದೊಂದು ಈ ಕೈಯಿಂದ ಆಗೂದಿಲ್ಲ. ಕತ್ತರಿ ನೀನ ಹಿಡಿ, ನಾ ಆ ಕಡೆ ಮುಖ ಮಾಡಿ ನಿಂದರತೇನಿ… ಹಾಂ, ಖರೇನ, ತಿರುಗಿ ನೋಡೂದಿಲ್ಲ. ಆದ್ರೂ ನಾಕು ಬೆರಳರ ಬಿಡು… ಬರೇ ನಾಕು ಬೆರಳು… ಹಲೋ? ಆಫ್ರೀನ? ಹಲೋ…"