ಸೀರೆ ಬದಲಿಸುವಷ್ಟು ಹೊತ್ತು

ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಭವ್ಯಶ್ರೀಯ ಮುಂದಿನ ಸೀಟಿನಲ್ಲಿ ನಾಟಕದವರಿಬ್ಬರು ಕುಳಿತಿದ್ದರು. ಹೆಂಗಸು ಸ್ವರ್ಣಲತಾ, ಹಿರಿಯ ಹಾಸ್ಯನಟ ವಿಲ್ಫ್ರೆಡ್ ಎಂಬುದು ಅವರ ಮಾತಿನಿಂದಲೇ ತಿಳಿಯಿತು. ಭವ್ಯಶ್ರೀ ಮುಖವನ್ನು ಕಿಟಕಿಯತ್ತ ತಿರುಗಿಸಿ, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟಳು.

“ವಿಲ್ಲಿಯಣ್ಣ, ನನ್ನ ಪಾತ್ರ ಬೇರೆಯವರಿಗೆ ಕೊಡ್ಲಿಕ್ಕೆ ಹೇಳಿ. ಕಾಲು ಮುರಿದ ಮೇಲೆ ಇದೇ ಮೊದಲ ನಾಟಕ. ಮದುಮಗಳು ಒಳಗೆ ಹೋಗಿ ಮುದುಕಿಯಾಗಿ ಬರುವಾಗ ತುಂಬ ಹೊತ್ತಾಗ್ತದೆ.”

“ಎಂತ ಮಾರಾಯ್ತಿ! ನೀನು ಗ್ರೀನ್ ರೂಮಿಗೆ ಇಳಿಯುವುದೇ ಬೇಡ. ಸ್ಟೇಜಿನ ಬದಿಯಲ್ಲೇ ಪರದೆ ಕಟ್ಟಿಸ್ತೇನೆ. ಮೇಕಪ್ಪಿನ ರೇಚಲ್ ಬಿಳಿ ಸೀರೆಗೆ ನೆರಿಗೆ ಹಿಡಿದು, ಪಿನ್ ಹಾಕಿ ತಯಾರು ನಿಲ್ತಾಳೆ.”

“ಕೂದಲು ಬಿಳಿ ಮಾಡ್ಲಿಕ್ಕೂ ಉಂಟಲ್ವಾ?”

“ಅಷ್ಟು ಹೊತ್ತು ನಾನು ಕಾಮಿಡಿ ಎಳೀತೇನೆ.”

“ನೀವು ಎಳೆಯುವುದು ಹೊಸತಾ? ಕಾಪುವಿನ ನಾಟಕದಲ್ಲಿ ನಿಮ್ಮನ್ನು ನಿಲ್ಲಿಸ್ಲಿಕ್ಕೆ ಪರದೆಯೇ ಇಳಿಸಿದ್ರು!”

“ಈ ಸಲ ಎಳೀಲಿಕ್ಕೆ ನಿರ್ದೇಶಕರೇ ಹೇಳಿದ್ದು. ತಯಾರಾದ ಕೂಡಲೇ ಮುದುಕಿಯ ಹಾಗೆ ಕೆಮ್ಮು, ನಾನು ಒಳಗೆ ಬರ್ತೇನೆ.”

“ಜನ ನಗದಿದ್ರೆ?”

“ನಗುವವರೆಗೆ ನಾನು ಬಿಡುವುದಿಲ್ಲ. ಪಾತ್ರ ಮಾಡ್ತೀಯಲ್ವಾ?”

ಸ್ವರ್ಣಲತಾ ಉತ್ತರಿಸುವ ಮೊದಲೇ ಮಣಿಪಾಲ ಬಂತು. ಅವಳು ಕಂಬಿ ಹಿಡಿದು ಮೆಲ್ಲನೆ ಮೆಟ್ಟಿಲಿಳಿಯುವಾಗ ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟ. ವಿಲ್ಫ್ರೆಡ್ ಅವನ ಭುಜ ಹಿಡಿದು ಕೇಳಿದರು:

“ನಿಮ್ಮ ಮದುವೆಗೆ ನನ್ನನ್ನು ಯಾಕೆ ಕರೀಲಿಲ್ಲ?”

“ನನಗೆ ಮದುವೆಯೇ ಆಗ್ಲಿಲ್ಲ!”

“ಹೌದಾ? ಹುಡುಗಿಗೂ ಹೀಗೇ ಅವಸರ ಮಾಡಿದ್ರಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕ. ಅಷ್ಟರಲ್ಲಿ ಸ್ವರ್ಣಲತಾ ರಸ್ತೆಯ ಮೇಲೆ ನಿಂತಾಗಿತ್ತು.

“ಸಾಕು, ಇಳೀರಿ ವಿಲ್ಲಿಯಣ್ಣ!” ಎಂದು ಅವಳು ಕೂಗಿದಳು. “ನೆರಿಗೆ ಸಣ್ಣ ಸಣ್ಣ ಹಿಡೀಲಿಕ್ಕೆ ರೇಚಲ್‌ಗೆ ಹೇಳ್ಬೇಕು.”